ಚೀಲ ಕಾದವಳು

"ಅಜ್ಜಾರ, ಹಗುರಾಗಿ ಹೊರಡೂದು ಹೆಂಗ್ರೀ?" ಎಂದು ನಾನು ಕೇಳಿದೆ.

ಹೀಗೆ ಕೇಳುವಂತೆ ಮಾಡಿದವನು ನನ್ನ ಮೈದುನ ವಿರೂಪಾಕ್ಷಿ. ರೊಟ್ಟಿ ಬಡಿದು ಮಾರಿ ಮನೆ ನಡೆಸುತ್ತೇನೆ ಎಂದಾಗ, ಆಗದು ಎಂದವನು ಅವನು. ನಡೆಸಿದೆ. ಓದು ಕಲಿಯುತ್ತೇನೆ ಎಂದಾಗ, ಈ ವಯಸ್ಸಿನಲ್ಲಿ ಅಕ್ಷರ ತಲೆಗೆ ಹತ್ತುವುದಿಲ್ಲ ಎಂದವನೂ ಅವನೇ. ರೊಟ್ಟಿ ಸುತ್ತಿ ಕೊಡುವ ಹಳೆಯ ಪೇಪರುಗಳಲ್ಲೇ ಒಂದೊಂದು ಅಕ್ಷರ ಹಿಡಿದು ಕಲಿತೆ. ಈಗ ಮನೆಯವರನ್ನೆಲ್ಲ ಒಂದು ದಿನ ಆಟದ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅವನು ನಕ್ಕ.

"ವೈನಿ, ರೊಟ್ಟಿ ಬಡದಂಗಲ್ಲ ಅದು. ಮಂದಿ ಕಟ್ಟಿಕೊಂಡು ಹೋಗಿ ಬರೂದು ನಿಮ್ಮ ಕೈಲೆ ಆಗೂದಿಲ್ಲ. ಅದಿಲ್ಲ ಇದಿಲ್ಲ ಅಂತ ನಡುದಾರಿಯಿಂದ ಫೋನ್ ಮಾಡ್ತೀರಿ, ಬರದಿಡ್ರಿ."

ಫೋನ್ ಮಾಡುವ ಪ್ರಸಂಗವೇ ಬರಬಾರದೆಂದು ನಾನು ಸಾಮಾನು ಕಟ್ಟತೊಡಗಿದೆ. ಕಟ್ಟಿ ಮುಗಿದಾಗ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಷ್ಟನ್ನೂ ಹೊರಲಾಗದು, ಯಾವುದನ್ನು ಬಿಡಬೇಕೆಂದು ತೋಚದು. ಅದಕ್ಕೇ ಮಠಕ್ಕೆ ಬಂದಿದ್ದೆ.

ಮಠದ ಸ್ವಾಮಿಗಳು, ನಾವೆಲ್ಲ ಅಜ್ಜಾರು ಎನ್ನುವವರು, ಕಟ್ಟೆಯ ಮೇಲೆ ಕುಳಿತು ಶೇಂಗಾ ಸುಲಿಯುತ್ತಿದ್ದರು.

"ಯಾರ್ಯಾರು ಹೊರಟಿದ್ದೀರಿ, ತಂಗಿ?"

"ನಾವು ಗಂಡ ಹೇಂತಿ, ಮಕ್ಕಳು, ನಮ್ಮತ್ತಿ."

"ಅತ್ತೆಗೂ ಆ ಆಟಗಳು ಇಷ್ಟವೇ?"

"ಅವರೇನು ಆಡ್ತಾರ್ರೀ ಅಜ್ಜಾರ! ಬ್ಯಾಗ್ ನೋಡ್ಕೊಳ್ಳಾಕ ಒಬ್ಬರು ಬೇಕಲ್ರೀ."

ಅಜ್ಜಾರ ಕೈ ನಿಂತಿತು. ಮಡಿಲಲ್ಲಿದ್ದ ಸಿಪ್ಪೆಯನ್ನು ಒಂದು ಕಡೆ ಸುರಿದು, ಅವರು ಈ ಕತೆ ಹೇಳಿದರು.

ಒಬ್ಬ ಬಳೆ ಮಾರುವ ಹೆಂಗಸು ಇದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ. ಇಬ್ಬರು ಮಕ್ಕಳೊಂದಿಗೆ ಅವಳು ತಾಯಿಯ ಬಳಿಗೆ ಬಂದಳು. ಅವಳ ಅಣ್ಣ ಬೇರೆ ಮನೆ ಮಾಡಿಕೊಂಡಿದ್ದ. ತಂಗಿ ಬಳೆಯ ವ್ಯಾಪಾರ ಹಿಡಿಯುತ್ತಾಳೆಂದು ಕೇಳಿ ಅವನು ಬಂದ. "ಬಳಿ ಇಡಸ್ಕೊಳ್ಳೂದು ಹೆಂಗಸರ ಕೆಲಸ, ಬಳಿ ಮಾರೂದಲ್ಲ. ವರ್ಷ ತುಂಬೂದ್ರಾಗ ನನ್ನ ಬಾಗಲಿಗೆ ಬರ್ತಿ ನೋಡು" ಎಂದ. ಅವಳು ಅವನ ಬಾಗಿಲಿಗೆ ಹೋಗಲಿಲ್ಲ. ಬಳೆಗಳನ್ನು ಸಾಲಾಗಿ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಮನೆ ಮನೆಗೆ ಹೋದಳು.

ಅವಳು ಓಣಿಯಲ್ಲಿ ತಿರುಗುವಾಗ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡವಳು ತಾಯಿ. ಒಲೆ ಉರಿಸಿದವಳು ತಾಯಿ. ಜ್ವರ ಬಂದಾಗ ಎದೆಗವಚಿಕೊಂಡು ಕುಳಿತವಳು ತಾಯಿ. ಮಗಳು ಹಿಂದಿರುಗಿ ನೋಡುವ ಅಗತ್ಯವೇ ಬೀಳಲಿಲ್ಲ. ಮಲಾರ ಹೋಗಿ ತಳ್ಳುಗಾಡಿ ಬಂತು. ತಳ್ಳುಗಾಡಿ ಹೋಗಿ ಪೇಟೆಯ ಮೂಲೆಯಲ್ಲಿ ಒಂದು ಪೆಟ್ಟಿಗೆ ಅಂಗಡಿ ಬಂತು.

ಬಳೆಯವರಿಗೆ ಒಂದು ವಿದ್ಯೆ ಇರುತ್ತದೆ. ಗಾಜನ್ನು ಕಟ್ಟುವ ವಿದ್ಯೆ. ಎಷ್ಟು ದೂರ ಹೊತ್ತರೂ ಒಂದು ಬಳೆಯೂ ಸೀಳಬಾರದು. ಅದಕ್ಕೆ ಇರುವುದು ಒಂದೇ ನಿಯಮ, ಸಂದು ಬಿಡಬಾರದು. ಖಾಲಿ ಜಾಗ ಇದ್ದಲ್ಲಿ ಗಾಜು ಅಲುಗಾಡುತ್ತದೆ, ಅಲುಗಾಡಿದ್ದು ಒಡೆಯುತ್ತದೆ. ಆದ್ದರಿಂದ ಅರಿವೆಯ ಚೂರು, ಹುಲ್ಲು, ಕಾಗದ, ಏನಾದರೂ ಸರಿ, ಸಂದಿಗೆ ತುರುಕಬೇಕು. ಅವಳು ಕಟ್ಟಿದ ಗಂಟನ್ನು ಬಸ್ಸಿನ ಮೇಲೆ ಎಸೆದರೂ ಒಳಗಿನ ಬಳೆಗಳು ನಗುತ್ತಿದ್ದವು. ವರ್ಷಗಳು ಹೋದಂತೆ ಅದು ಬರೀ ಕೈಯ ಅಭ್ಯಾಸವಾಗಿ ಉಳಿಯಲಿಲ್ಲ. ಡಬ್ಬಿ ಇರಲಿ, ಚೀಲ ಇರಲಿ, ದಿನವೇ ಇರಲಿ, ಖಾಲಿ ಕಂಡರೆ ಅವಳಿಗೆ ಭಯ.

ಮಕ್ಕಳು ಆಟದ ಪಾರ್ಕಿಗೆ ಹೋಗೋಣ ಎಂದು ಹಟ ಹಿಡಿದರು. ಓಣಿಯ ಮಕ್ಕಳೆಲ್ಲ ಹೋಗಿ ಬಂದಿದ್ದರು. ಅಲ್ಲಿ ಆಕಾಶಕ್ಕೆ ಮುಟ್ಟುವ ತೊಟ್ಟಿಲು ಇದೆ, ಸುರಳಿ ಸುರಳಿಯಾಗಿ ಜಾರುವ ಕೊಳವೆ ಇದೆ, ಒಂದು ದೊಡ್ಡ ಕೊಳವಿದೆ, ಅದರಲ್ಲಿ ಸಮುದ್ರದ ಹಾಗೆ ಅಲೆ ಏಳುತ್ತದೆ ಎಂದರು.

ರೊಟ್ಟಿ ತಟ್ಟುತ್ತಿದ್ದ ತಾಯಿ ತಲೆಯೆತ್ತಿದಳು.

"ನೀರು ಎಷ್ಟು ಆಳ ಐತಿ?"

"ಎದಿಮಟ, ಆಯಿ. ಆಮ್ಯಾಲೆ ಅಲೆ ಬರ್ತಾವ, ಎತ್ತಿ ಒಗೀತಾವ."

"ಹಂಗಾದ್ರ ನಾನೂ ಇಳೀತೀನಿ" ಎಂದಳು ತಾಯಿ.

ಮಕ್ಕಳು ಬಿದ್ದು ಬಿದ್ದು ನಕ್ಕರು. ಮಗಳೂ ನಕ್ಕಳು. "ಇಳಿ ಯವ್ವಾ, ಯಾರ್ ಬ್ಯಾಡ ಅಂದ್ರು" ಎಂದಳು. ಅದು ತಮಾಷೆಯೆಂದು ಅವಳು ತಿಳಿದಳು. ತಾಯಿಗೆ ಅದು ತಮಾಷೆಯಾಗಿರಲಿಲ್ಲ. ಆ ಕ್ಷಣದಿಂದ ಅವಳ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ತಾಯಿ ಚಿಕ್ಕವಳಿದ್ದಾಗ ಊರಿನಲ್ಲೆಲ್ಲ ಚೆನ್ನಾಗಿ ಈಜುವ ಹುಡುಗಿ. ಬೆನ್ನಿಗೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತಿದ್ದಳು. ಬೆಂಡು ಬಿಚ್ಚಿದ ಮೇಲೆ ಹುಡುಗರನ್ನೂ ಹಿಂದೆ ಹಾಕಿದ್ದಳು. ಮದುವೆಯ ವರ್ಷ ಅತ್ತೆ ಮನೆಯವರು, ಹೆಣ್ಣಿಗೆ ಈಜು ಏಕೆ ಎಂದರು. ಅಂದಿನಿಂದ ಅವಳು ಕೊಡದಲ್ಲಿದ್ದ ನೀರನ್ನಷ್ಟೇ ಮುಟ್ಟಿದಳು.

ಪಾರ್ಕಿಗೆ ಹೋಗುವ ಸುದ್ದಿ ಅಣ್ಣನ ಕಿವಿಗೂ ಬಿತ್ತು. ಅವನು ಅಂಗಡಿಯ ಮುಂದೆ ನಿಂತು ನಾಲ್ಕು ಜನ ಕೇಳುವಂತೆ ಹೇಳಿದ, "ಬಳಿ ಕಟ್ಟಿದಂಗಲ್ಲ ಅದು. ಮಕ್ಕಳು ಹಸಿವು ಅಂತಾವ, ಮುದುಕಿ ಕಾಲು ನೋವು ಅಂತೈತಿ. ಸೂರ್ಯ ಮುಳುಗೂದ್ರಾಗ ಅಳಕೋಂತ ಮನಿಗೆ ಬರ್ತೀರಿ."

ಅಂದು ಸಂಜೆ ಅವಳು ಕಟ್ಟತೊಡಗಿದಳು. ಹಸಿವು ಎಂದಾರೆಂದು ಕಟಕ ರೊಟ್ಟಿ, ಶೇಂಗಾ ಚಟ್ನಿ, ಬುತ್ತಿ ಅನ್ನ, ಹೋಳಿಗೆ. ಬಾಯಾರಿಕೆ ಎಂದಾರೆಂದು ನೀರು, ಮಜ್ಜಿಗೆ. ಒದ್ದೆಯಾದರೆಂದು ಎಲ್ಲರಿಗೂ ಬಟ್ಟೆ, ಆ ಬಟ್ಟೆಯೂ ಒದ್ದೆಯಾದರೆಂದು ಮತ್ತೆ ಬಟ್ಟೆ. ನೆಲ ಸುಟ್ಟರೆಂದು ಜಮಖಾನೆ. ಬಿಸಿಲೆಂದು ಕೊಡೆ, ಚಳಿಯೆಂದು ಶಾಲು. ಚೀಲದಲ್ಲಿ ಎಲ್ಲಿ ಸಂದು ಕಂಡಿತೋ ಅಲ್ಲಿಗೆ ಒಂದು ಡಬ್ಬಿ, ಒಂದು ಟವೆಲ್ಲು. ಕಟ್ಟುವಾಗ ಅವಳ ಕಣ್ಣೆದುರಿಗೆ ಮಕ್ಕಳಿರಲಿಲ್ಲ, ತಾಯಿಯೂ ಇರಲಿಲ್ಲ. ಅಣ್ಣ ನಿಂತಿದ್ದ. ಬರುವವರಿಗಾಗಿ ಅಲ್ಲ, ಬಾರದವನಿಗಾಗಿ ಅವಳು ಕಟ್ಟಿದಳು.

ಪಾರ್ಕಿನ ಬಾಗಿಲಲ್ಲಿ ಸಾಮಾನಿಡುವ ಕಪಾಟುಗಳಿದ್ದವು. ಒಂದು ಕೈಚೀಲ ಹಿಡಿಯುವಷ್ಟು ಸಣ್ಣವು. ಇವಳ ಚೀಲಗಳು ಒಳಗೆ ಹೋಗಲಿಲ್ಲ. ಬುತ್ತಿ ತಿನ್ನುವವರಿಗಾಗಿ ಒಂದು ತಗಡಿನ ಚಪ್ಪರ ಹಾಕಿದ್ದರು. ಅಲ್ಲಿ ಜಮಖಾನೆ ಹಾಸಿ ಚೀಲಗಳನ್ನು ಇಳಿಸಿದರು. ಅಲೆಯ ಕೊಳ ಚಪ್ಪರದಿಂದ ಕಾಣುತ್ತಿತ್ತು. ಮಕ್ಕಳು ಆಗಲೇ ಓಡುತ್ತಿದ್ದರು.

ಇಂಥ ಕಡೆ ಯಾರು ಕೂರಬೇಕೆಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹಿರಿಯರು ಕೂರುತ್ತಾರೆ. ತಾಯಿ ನೀರಿನ ಕಡೆ ನೋಡುತ್ತ ನಿಂತಿದ್ದಳು. ಮಗಳು ಅವಳ ಭುಜ ಹಿಡಿದು ಜಮಖಾನೆಯ ಮೇಲೆ ಕೂರಿಸಿದಳು.

"ಯವ್ವಾ, ಸ್ವಲ್ಪ ಹೊತ್ತು. ಇಲ್ಲಿ ಯಾರನ್ನೂ ನಂಬಾಕಾಗೂದಿಲ್ಲ. ನಾ ನಂಬೂದು ನಿನ್ನೊಬ್ಬಾಕೀನ್ನ."

ಅದು ಹೊಗಳಿಕೆ. ಹೊಗಳಿಕೆಯ ಮೇಲೆ ಕೂತವರು ಏಳುವುದು ಕಷ್ಟ. ತಾಯಿ ಕುಳಿತಳು.

ಚಪ್ಪರದ ಉದ್ದಕ್ಕೂ ಹಾಗೆ ಕುಳಿತವರ ಸಾಲೇ ಇತ್ತು. ಎಲ್ಲರೂ ಒಂದಲ್ಲ ಒಂದು ಮನೆಯ ಹಿರಿಯರು. ಎಲ್ಲರ ಮುಖವೂ ನೀರಿನ ಕಡೆಗೆ, ಒಂದು ಕೈ ಚೀಲದ ಮೇಲೆ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಇವಳ ಚೀಲಗಳನ್ನು ನೋಡಿ ಹುಬ್ಬೇರಿಸಿದಳು.

"ಏನ್ ಬೇ ಇದು, ಮನಿ ಬದಲ್ ಮಾಡಾಕ್ಹತ್ತೀರೇನು?"

"ನನ್ನ ಮಗಳು ಭಾಳ ಹುಷಾರ್ರಿ. ಏನೂ ಕಡಿಮಿ ಬೀಳಬಾರದು ಆಕೀಗೆ."

"ನಂದು ನೋಡ್ರಿ, ಇದೊಂದ ಕೈಚೀಲ."

"ಹಂಗಾದ್ರ ಎದ್ದು ಹೋಗಿ ಆಡ್ರಲ್ಲ, ಯಾಕ ಕುಂತೀರಿ?"

"ಕಪಾಟು ನಂಬಾಂಗಿಲ್ಲಂತ ಸೊಸಿ ತನ್ನ ಬಂಗಾರದ ಬೋರಮಾಳ ಬಿಚ್ಚಿ ಇದರಾಗ ಇಟ್ಟಾಳ. ನಿಮ್ಮ ಗುಡ್ಡ ಬಿಟ್ಟು ಏಳಬಹುದು, ನನ್ನ ಈ ಚೀಲ ಬಿಟ್ಟು ಏಳಾಕಾಗೂದಿಲ್ಲ."

ಆಚೆಗಿದ್ದ ಮುದುಕನೊಬ್ಬ ಕೆಮ್ಮಿದ. ಅವನ ಮುಂದೆ ಚಪ್ಪಲಿಗಳ ರಾಶಿ ಇತ್ತು. "ನೀವು ಪುಣ್ಯವಂತ್ರು. ನಂದು ಬರೀ ಚಪ್ಪಲಿ. ಗುಡಿ ಮುಂದ ಕಾದಿದ್ರ ಅರ್ಧ ಪುಣ್ಯಾನಾದ್ರೂ ಬರ್ತಿತ್ತು" ಎಂದ. ಸಾಲಿಗೆ ಸಾಲೇ ನಕ್ಕಿತು.

ನಕ್ಕು ಮುಗಿದ ಮೇಲೆ ತಾಯಿ ಹಳೆಯ ಮಾತು ತೆಗೆದಳು. ಹಿಂದೆ ಎಳ್ಳಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದುದು. ಒಂದು ಅರಿವೆಯಲ್ಲಿ ರೊಟ್ಟಿ, ಒಂದು ಗಡಿಗೆಯಲ್ಲಿ ಪಲ್ಯ, ಅಷ್ಟೇ. ಬಾವಿಯ ಮಗ್ಗುಲಿನ ಬೇವಿನ ಗಿಡದ ಟೊಂಗೆಗೆ ಬುತ್ತಿಯ ಗಂಟನ್ನು ತೂಗುಹಾಕುವುದು. ನಾಯಿಗೆ ಎಟುಕುವುದಿಲ್ಲ, ಇರುವೆಗೆ ದಾರಿ ಸಿಗುವುದಿಲ್ಲ. ಆಮೇಲೆ ಅಪ್ಪ, ಕಾಕ, ಮಕ್ಕಳು ಎಲ್ಲರೂ ನೀರಿಗೆ. ಅಜ್ಜಿ ಕೂಡ ಕೆಳಗಿನ ಮೆಟ್ಟಿಲಲ್ಲಿ ಕುಳಿತು ಕಾಲು ಬಡಿಯುತ್ತಿದ್ದಳು.

"ಬುತ್ತಿ ಯಾರು ಕಾಯ್ತಿದ್ರು?" ಎಂದಳು ಬೋರಮಾಳದ ಮುದುಕಿ.

"ಯಾರೂ ಇಲ್ಲ. ಗಿಡಾನ ಕಾಯ್ತಿತ್ತು."

ಕೊಳದಲ್ಲಿ ಸೀಟಿ ಊದಿದರು. ಅಲೆ ಎದ್ದಿತು. ನೂರಾರು ಜನ ಒಟ್ಟಿಗೆ ಕೂಗಿದರು. ತಾಯಿಯ ಕಾಲಬೆರಳುಗಳು ಜಮಖಾನೆಯ ಮೇಲೆ ತಾವಾಗಿಯೇ ಅಲುಗಿದವು.

"ಹೋಗಿ ಬರ್ರಿ. ಹೆಂಗೂ ನಾ ಏಳಾಂಗಿಲ್ಲ, ನಿಮ್ಮವೂ ನೋಡ್ಕೊಂತೀನಿ" ಎಂದಳು ಪಕ್ಕದವಳು.

ತಾಯಿ ಎದ್ದಳು. ಒಂದು ಹೆಜ್ಜೆ ಇಟ್ಟಳು. ಮಗಳ ಮಾತು ನೆನಪಾಯಿತು. ಹಿಂದಿರುಗಿ ಬಂದು ಕುಳಿತಳು.

ಮಧ್ಯಾಹ್ನ ಎಲ್ಲರೂ ಬಂದರು. ಬುತ್ತಿ ಬಿಚ್ಚಿದರು. ಕೇಳಿದ್ದೆಲ್ಲ ಸಿಕ್ಕಿತು. ಪಕ್ಕದವರು ಉಪ್ಪಿನಕಾಯಿ ಕೇಳಿದರು, ಅದೂ ಇತ್ತು. ಮಗಳ ಮುಖ ಅರಳಿತು. ಅಣ್ಣ ಇಲ್ಲಿದ್ದು ನೋಡಬೇಕಿತ್ತು ಎಂದುಕೊಂಡಳು. ಊಟವಾದ ಮೇಲೆ ತಾಯಿ ಮೆಲ್ಲಗೆ ಕೇಳಿದಳು.

"ಈಗ ನಾ ಹೋಗ್ಲಿ?"

"ಈಗ ಭಾಳ ಗದ್ದಲ ಐತಿ ಯವ್ವಾ, ಮಂದಿ ತುಳೀತಾರ. ಸಂಜಿಕ ನಾನ ಕೈ ಹಿಡದು ಇಳಸ್ತೀನಿ. ಹುಡುಗರು ಆ ತೊಟ್ಟಿಲಕ ಹೋಗೂಣು ಅಂತಾವ, ಅದೊಂದ ಮುಗಿಸಿ ಬರ್ತೀನಿ."

ಅದೊಂದು ಮುಗಿದ ಮೇಲೆ ಇನ್ನೊಂದು ಇತ್ತು. ಅವಳು ಆ ದಿನವನ್ನೂ ಬಳೆಯ ಗಂಟಿನಂತೆ ಕಟ್ಟಿದ್ದಳು. ಎಲ್ಲೂ ಸಂದು ಬಿಟ್ಟಿರಲಿಲ್ಲ.

ಸಂಜೆ ಕಿರಿಯ ಮಗ ನಡುಗುತ್ತ ಬಂದ. ತಂದ ಟವೆಲ್ಲುಗಳೆಲ್ಲ ಒದ್ದೆಯಾಗಿದ್ದವು. ಅವಳು ಒಂದೊಂದೇ ಚೀಲಕ್ಕೆ ಕೈ ಹಾಕಿದಳು. ಕೊನೆಗೆ ತಾಯಿಯ ಬೆನ್ನ ಹಿಂದೆ ಇದ್ದ ಒಂದು ಪುಟ್ಟ ಚೀಲ ಕೈಗೆ ಬಂತು. ಅದು ಅವಳು ಕಟ್ಟಿದ್ದಲ್ಲ. ಒಳಗೆ ಒಂದು ಜೊತೆ ಬಟ್ಟೆ ಇತ್ತು, ಬೇರೇನೂ ಇರಲಿಲ್ಲ. ಒಂದು ಸಡಿಲ ಪೈಜಾಮ, ಒಂದು ತುಂಬುತೋಳಿನ ಅಂಗಿ. ಕೈಹೊಲಿಗೆ. ತಿಳಿ ನೇರಳೆ ಬಣ್ಣದ ಮೇಲೆ ಬಿಳಿ ಬಳ್ಳಿ.

ಆ ಬಳ್ಳಿ ಅವಳಿಗೆ ಗೊತ್ತಿತ್ತು. ಅದು ತಾಯಿಯ ನೈಲಾನ್ ಸೀರೆ. ಊರಿಗೆ ನೈಲಾನ್ ಸೀರೆ ಹೊಸದಾಗಿ ಬಂದ ಕಾಲದಲ್ಲಿ ತಂದೆ ತಂದುಕೊಟ್ಟದ್ದು. ಅದನ್ನು ಉಟ್ಟು ತಾಯಿ ಮದುವೆಗಳಿಗೆ ಹೋಗುತ್ತಿದ್ದಳು. ಚಿಕ್ಕಂದಿನಲ್ಲಿ ಮಗಳು ಅದರ ಸೆರಗು ಹಿಡಿದುಕೊಂಡೇ ಎಷ್ಟೋ ಊರು ನೋಡಿದ್ದಳು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತೂತು ಮಾಡಿ ಬೈಸಿಕೊಂಡಿದ್ದಳು. ತಂದೆ ಹೋದ ಮೇಲೆ ತಾಯಿ ಅದನ್ನು ಉಡಲಿಲ್ಲ, ಯಾರಿಗೂ ಕೊಡಲೂ ಇಲ್ಲ.

"ಯವ್ವಾ, ಇದನ್ನ್ಯಾಕ ಕತ್ತರಿಸಿದಿ?"

"ಸೀರಿ ಉಟ್ಕೊಂಡು ನೀರಾಗ ಇಳೀಬಾರದಂತ. ನೈಲಾನ್ ಬಟ್ಟಿನ ಆಗಬೇಕಂತ. ಮಗ್ಗಲಮನಿ ಹುಡುಗಿ ಹೇಳಿದ್ಲು" ಎಂದಳು ತಾಯಿ. ಸ್ವಲ್ಪ ತಡೆದು, "ಹಳೀ ಸೀರಿ, ಪೆಟ್ಟಿಗ್ಯಾಗ ಕುಂತು ಏನ್ ಮಾಡ್ತಿತ್ತು? ಬಿಡು" ಎಂದಳು.

ಮಗಳು ಆಗ ಚೀಲಗಳನ್ನು ನೋಡಲಿಲ್ಲ. ತಾಯಿಯ ಕೈ ಹಿಡಿದು ಎಳೆದುಕೊಂಡು ಕೊಳದ ಕಡೆ ಓಡಿದಳು. ಅಲ್ಲಿ ಕಾವಲಿನವನು ಕೊನೆಯ ಸೀಟಿ ಊದಿ ಹಗ್ಗ ಕಟ್ಟುತ್ತಿದ್ದ. ನೀರಿನ ಮೇಲೆ ಅಲೆಯ ಒಂದು ಗೆರೆಯೂ ಇರಲಿಲ್ಲ.

"ಒಂದ ಸಲ ಬಿಡೋ ತಮ್ಮಾ. ನಮ್ಮವ್ವ ಇನ್ನೂ ಇಳಿದಿಲ್ಲ."

"ಮುಂಜಾನಿಂದ ಏನ್ ಮಾಡಿದ್ರೀ ಅಕ್ಕಾರ? ಮಶಿನ್ ಬಂದ್ ಆತು. ಮತ್ತೊಮ್ಮಿ ಬರ್ರಿ."

ಅವಳು ಹಗ್ಗ ಹಿಡಿದು ಅತ್ತಳು. ತಾಯಿಯೇ ಅವಳನ್ನು ಸಮಾಧಾನ ಮಾಡಿದಳು. "ಅಳತಾರೇನ ಹುಚ್ಚಿ. ನೀರೇನು ಓಡಿ ಹೋಗತೈತಿ? ಮತ್ತೊಮ್ಮಿ ಬಂದ್ರಾತು." ನಂತರ ಹಗ್ಗದ ಈಚೆ ಬಗ್ಗಿ, ದಂಡೆಯ ನೀರಿನಲ್ಲಿ ಬೆರಳು ಅದ್ದಿ, ಕಣ್ಣಿಗೆ ಒತ್ತಿಕೊಂಡಳು.

ಹಿಂದಿರುಗುವಾಗ ಬಸ್ಸಿನಲ್ಲಿ ಮಕ್ಕಳು ನಿದ್ದೆ ಹೋದರು. ತಾಯಿ ಬಾವಿಯ ಕತೆ ಹೇಳುತ್ತ ಬಂದಳು. ಮೇಲಿನ ಕಲ್ಲಿನಿಂದ ಜಿಗಿದರೆ ಹೊಟ್ಟೆಯೊಳಗೆ ಏನಾಗುತ್ತದೆ, ತಳಕ್ಕೆ ಹೋಗಿ ಕಣ್ಣು ತೆರೆದರೆ ಬಿಸಿಲು ಹೇಗೆ ಕಾಣುತ್ತದೆ, ನೀರೊಳಗೆ ಗೆಳತಿಯ ಕೈಬಳೆಯ ಸದ್ದು ಹೇಗೆ ಕೇಳುತ್ತದೆ. ಮಗಳು ಇದನ್ನೆಲ್ಲ ಮೊದಲ ಸಲ ಕೇಳಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ತಾಯಿಯನ್ನು ಅವಳು ಏನೂ ಕೇಳಿರಲಿಲ್ಲ. ಕೇಳಲು ಸಂದು ಇರಲಿಲ್ಲ.

ಮತ್ತೆ ಕರೆದುಕೊಂಡು ಹೋಗುತ್ತೇನೆಂದು ಅವಳು ಅಂದೇ ಮಾತು ಕೊಟ್ಟಳು. ಕೊಟ್ಟದ್ದು ಮನಸ್ಸಿನಿಂದಲೇ. ಆದರೆ ಬಂದದ್ದು ಶ್ರಾವಣ. ಶ್ರಾವಣದಲ್ಲಿ ಬಳೆಯವರು ಅಂಗಡಿ ಮುಚ್ಚುವುದುಂಟೆ? ಶ್ರಾವಣ ಮುಗಿಯಲಿ ಎಂದಳು. ಆಮೇಲೆ ದೀಪಾವಳಿ ಮುಗಿಯಲಿ ಎಂದಳು. ಲಗ್ನದ ದಿನಗಳು ಬಂದವು. ಪ್ರತಿ ಸಲವೂ ತಾಯಿ, "ಆತು ಬಿಡು, ಮದಲ ವ್ಯಾಪಾರ ನೋಡು" ಎಂದಳು. ತಾಯಿ ಆ ಚಳಿಗಾಲವನ್ನು ದಾಟಲಿಲ್ಲ.

ಇಷ್ಟು ಹೇಳಿ ಅಜ್ಜಾರು ಮತ್ತೆ ಶೇಂಗಾ ಸುಲಿಯತೊಡಗಿದರು.

ನನಗೆ ಮೈದುನನ ನಗು ಇನ್ನೂ ಚುಚ್ಚುತ್ತಿತ್ತು. ಅಷ್ಟು ಗಟ್ಟಿಯಾದ ಹೆಂಗಸು, ಹೆಗಲ ಮೇಲೆ ಮಲಾರ ಹೊತ್ತು ಮೇಲೆ ಬಂದವಳು, ಕೊನೆಗೆ ಅಣ್ಣನ ಮಾತೇ ಗೆಲ್ಲುವಂತೆ ಬಿಟ್ಟಳೇ ಎಂದು ಸಿಟ್ಟು ಬಂತು.

"ಅಜ್ಜಾರ, ಹಂಗಾದ್ರ ಆಕಿ ಸೋತ್ಲೇನ್ರೀ?" ಎಂದು ಕೇಳಿದೆ.

"ಇಲ್ಲ ತಂಗಿ, ಗೆದ್ದಳು" ಎಂದರು ಅಜ್ಜಾರು. "ಇಂದು ಪೇಟೆಯಲ್ಲಿ ಎರಡಂತಸ್ತಿನ ಬಳೆ ಅಂಗಡಿ ಅವಳದು, ಕಟ್ಟಿಸಿದ ಮನೆ ಅವಳದು, ಬಾಗಿಲಲ್ಲಿ ನಿಂತ ಗಾಡಿ ಅವಳದು, ತಾಯಿ ಈಜುವುದನ್ನು ಮಾತ್ರ ಅವಳು ನೋಡಿಲ್ಲ."